ನಾಂಟಕೆಟ್ ನಡುಗಡ್ಡಿಯ ಕರಚಿಕಾಯಿ ಗಾಲಿ

ಹೋದ ವರ್ಷ ಜುಲೈ ತಿಂಗಳಾಗ ನಾವಿಬ್ರೂ ಮಗಳ ಮನಿಗೆ ಬಾಸ್ಟನ್ನಿಗೆ ಹೋಗಿದ್ವಿ. ನಮ್ಮ ಹುಬ್ಬಳ್ಳ್ಯಾಗ ಜಿಟಿಜಿಟಿ ಮಳಿ ಹಿಡದು ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗೋ ಹೊತ್ತಿನ್ಯಾಗ ಅಲ್ಲೆ ಸುಡುಸುಡು ಬ್ಯಾಸಗಿ. ಮಂದಿ ಅರ್ಧ ಚಡ್ಡಿ ಹಾಕ್ಕೊಂಡು ಸಮುದ್ರದ ಕಡೆ ಓಡ್ತಿರ್ತಾರ. ಒಂದಿನ ಮಗಳು, "ಅಮ್ಮಾ, ಶುಕ್ರವಾರ ರಜಾ ಹಾಕ್ತೀನಿ, ಎರಡ ದಿನ ನಾಂಟಕೆಟ್‌ಗೆ ಹೋಗೂಣು. ದ್ವೀಪ ಅದ, ಬೀಚ್ ಭಾಳ ಛಂದ ಅವ" ಅಂದ್ಲು. ನಾ ಮೊದಲ ಕೇಳಿದ್ದು, ಅಲ್ಲೆ ನಮಗ ತಿನ್ನಲಿಕ್ಕೆ ಏನ ಸಿಗ್ತದ ಅಂತ. "ಸಮುದ್ರದಾಗ ಈಜೂದೆಲ್ಲಾ ಸಿಗ್ತದ" ಅಂತ ನಕ್ಕಳು. ಸರಿ, ಹಿಂದಿನ ರಾತ್ರಿ ಕೂತು ಇಪ್ಪತ್ತು ಥಾಲಿಪಟ್ಟು ತಟ್ಟಿ, ಹಚ್ಚಿದ ಅವಲಕ್ಕಿ ಮಾಡಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿಕೊಂಡೆ. ಹೊಟ್ಟಿದೊಂದು ಚಿಂತಿ ಬಿಟ್ಟತು ಅಂದ್ರ ನಾ ಯಾವ ಊರಿಗ್ಯಾದ್ರೂ ಬರ್ತೀನಿ.

ಹಯಾನಿಸ್ ಅನ್ನೋ ಊರಿಂದ ಹಡಗ ಹತ್ತಬೇಕು. ಜಲ್ದಿ ಹೋಗೋ ಹಡಗ ಒಂದ ತಾಸಿನ್ಯಾಗ ಮುಟ್ಟಸ್ತದ, ಸಾವಕಾಶ ಹೋಗೋದಕ್ಕ ಎರಡೂಕಾಲು ತಾಸು. ಸ್ವಸ್ತ ಅಂತ ನಾವು ಸಾವಕಾಶದ್ದ ಹತ್ತಿದ್ವಿ. ದಂಡಿಯಿಂದ ಸುಮಾರು 48 ಕಿಲೋಮೀಟರ್ ಸಮುದ್ರದೊಳಗ ಅದ ಈ ನಡುಗಡ್ಡಿ. ಒಂದು ಹೊತ್ತಿನ್ಯಾಗ ಹಿಂದಿನ ದಂಡಿನೂ ಕಾಣಂಗಿಲ್ಲ, ಮುಂದಿನ ದಂಡಿನೂ ಕಾಣಂಗಿಲ್ಲ. ನಾ ಸುಮ್ನ ವಿಷ್ಣುಸಹಸ್ರನಾಮ ಅನಕೋತ ಕೂತೆ. ಆಮ್ಯಾಲೆ ಬ್ರ್ಯಾಂಟ್ ಪಾಯಿಂಟ್ ಅನ್ನೋ ಒಂದು ಸಣ್ಣ ದೀಪಸ್ತಂಭ ಕಂಡ್ತು. ನಮ್ಮ ತುಳಸಿಕಟ್ಟಿ ಸ್ವಲ್ಪ ಎತ್ತರ ಮಾಡಿ ಬಿಳೇ ಬಣ್ಣ ಬಳದಂಗ. ಅಲ್ಲಿಂದ ಊರು ಸುರು.

ಊರೆಲ್ಲಾ ಕಟ್ಟಗಿ ಮನಿ. ಗ್ವಾಡಿಗೆ ಸೀಡರ್ ಕಟ್ಟಗಿ ಬಿಲ್ಲಿ ಬಡದಿರ್ತಾರ, ಉಪ್ಪಿನ ಗಾಳಿಗೆ ಅವು ಬೂದಿ ಬಣ್ಣಕ್ಕ ತಿರುಗ್ಯಾವ. ದೊಡ್ಡ ರಸ್ತೆದಾಗ ಗುಂಡಗಲ್ಲು ಹಾಸ್ಯಾರ, ನನ್ನ ಮೊಣಕಾಲು ಅದನ್ನ ಇನ್ನೂ ಮರತಿಲ್ಲ. ಇಷ್ಟು ಶ್ರೀಮಂತ ಮಂದಿ ರಜಾಕ್ಕ ಬರೋ ಊರಾಗ ಹೊಸಾ ಮನಿ ಯಾಕ ಕಟ್ಟಿಲ್ಲ ಅಂತ ಕೇಳಿದೆ. ನಮ್ಮನಿಯವರು ರಾತ್ರೆಲ್ಲಾ ಫೋನಿನ್ಯಾಗ ಓದಿಕೊಂಡು ಬಂದಿದ್ರು, ತಯಾರಿದ್ರು. ಒಂದು ಕಾಲಕ್ಕ ಈ ಊರು ತಿಮಿಂಗಿಲದ ಎಣ್ಣಿ ಮಾರಿ ಜಗತ್ತಿಗೇ ಬೆಳಕ ಕೊಟ್ಟಿತ್ತಂತ. 1846ರ ಜುಲೈ 13ರ ರಾತ್ರಿ ಒಂದು ಟೊಪ್ಪಿಗಿ ಅಂಗಡ್ಯಾಗ ಬೆಂಕಿ ಹತ್ತಿ, ಎಣ್ಣಿ ಗೋದಾಮಿಗೆ ಹಬ್ಬಿ, ಊರಿನ ಮೂರನೇ ಒಂದು ಭಾಗ ಸುಟ್ಟು ಹೋತು. ಬಂದರದ ಬಾಯಾಗ ಉಸುಕು ತುಂಬಿ ದೊಡ್ಡ ಹಡಗ ಒಳಗ ಬರಲಾರದಂಗಾತು. 1849ರಾಗ ಕ್ಯಾಲಿಫೋರ್ನಿಯಾದಾಗ ಬಂಗಾರ ಸಿಕ್ತದ ಅಂತ ಹುಡುಗ್ರೆಲ್ಲಾ ಅಲ್ಲಿಗೆ ಓಡಿದ್ರು. 1859ರಾಗ ನೆಲದಾಗಿಂದ ಎಣ್ಣಿ ತಗಿಯೋದು ಸುರು ಆತು, ತಿಮಿಂಗಿಲದ ಎಣ್ಣಿ ಕೇಳಾವ್ರು ಕಮ್ಮಿ ಆದ್ರು. 1869ರಾಗ ಇಲ್ಲಿಂದ ಕಡೀ ಬೇಟೆ ಹಡಗ ಹೋತು. ಬಡತನ ಬಂತು ನೋಡ್ರಿ, ಹಳೇ ಮನಿ ಕೆಡವಿ ಹೊಸಾದ್ದು ಕಟ್ಟಲಿಕ್ಕೆ ಯಾರ ಕಡೆನೂ ರೊಕ್ಕ ಇರಲಿಲ್ಲ. ಅದಕ್ಕ ಎಲ್ಲಾ ಹಂಗ ಉಳದದ. ಈಗ ಅದನ್ನ ನೋಡಲಿಕ್ಕೇ ಮಂದಿ ರೊಕ್ಕ ಕೊಟ್ಟು ಬರ್ತಾರ.

ನಮ್ಮನಿಯವರಿಗೆ ಮ್ಯೂಸಿಯಂ ಅಂದ್ರ ಜೀವ. ವಿಜಾಪುರದ ಗೋಳಗುಮ್ಮಟದ ಮುಂದಿನ ಮ್ಯೂಸಿಯಂಗೆ ಹೋದಾಗನೂ ಒಂದೊಂದ ಬೋರ್ಡ್ ಬಿಡದ ಓದಿ ನನಗ ವಿವರಿಸಿ ಹೇಳಿದ್ರು. ನಾ ಅಂಥಲ್ಲೆ ಕೂಡಲಿಕ್ಕೆ ಬೆಂಚ್ ಎಲ್ಲೆ ಅದ ಅಂತ ಹುಡಕಾಕಿ. ಆದ್ರ ಈ ಊರಿನ ತಿಮಿಂಗಿಲ ಬೇಟೆ ಮ್ಯೂಸಿಯಂದಾಗ ನಡದದ್ದು ಉಲ್ಟಾ. ಅವರು ಬೆಂಚ್ ಮ್ಯಾಲೆ ಕೂತ್ರು, ನಾ ಓದಿದೆ.

ಮ್ಯೂಸಿಯಂ ಇರೋದು ಒಂದು ಹಳೇ ಮೇಣಬತ್ತಿ ಕಾರಖಾನಿಯೊಳಗ, ಬೆಂಕಿ ಆದ ಮರುವರ್ಷ, 1847ರಾಗ ಕಟ್ಟಿದ್ದು. ಒಳಗ ಹೋದ ಕೂಡ್ಲೇ ತಲಿ ಮ್ಯಾಲೆ ಒಂದು ಸ್ಪರ್ಮ್ ತಿಮಿಂಗಿಲದ ಎಲಬಿನ ಹಂದರ ತೂಗು ಹಾಕ್ಯಾರ. 46 ಅಡಿ ಉದ್ದ. 1998ರ ಹೊಸ ವರ್ಷದ ದಿನ ಇದ ದ್ವೀಪದ ದಂಡಿಗೆ ಬಂದು ಸತ್ತದ್ದಂತ. ಈ ತಿಮಿಂಗಿಲದ ತಲಿಯೊಳಗ ಮೇಣದಂಥಾ ಎಣ್ಣಿ ಇರ್ತದ. ಅದನ್ನ ಕುದಿಸಿ, ಚಳಿಗಾಲದಾಗ ಹೆಪ್ಪುಗಟ್ಟಿದ ಮ್ಯಾಲೆ ಉಣ್ಣಿ ಚೀಲದಾಗ ತುಂಬಿ, ಒಂದು ಭಾರಿ ಕಟ್ಟಗಿ ತೊಲಿಯ ಕೆಳಗ ಇಟ್ಟು ಹಿಂಡ್ತಿದ್ರು. ಮೊದಲು ಬಂದ ಎಣ್ಣಿ ಎಲ್ಲಾದಕ್ಕಿಂತ ಭಾರಿ ಮಾಲು, ಎಂಥಾ ಥಂಡ್ಯಾಗೂ ಗಟ್ಟಿ ಆಗ್ತಿರಲಿಲ್ಲ. ಕಡೀಕ ಚೀಲದಾಗ ಉಳದ ಮೇಣದಿಂದ ಬತ್ತಿ ಮಾಡ್ತಿದ್ರು. ಆ ತೊಲಿ ಇನ್ನೂ ಅಲ್ಲೇ ಅದ. ನಮ್ಮ ಅಜ್ಜನ ಊರಾಗಿನ ಕುಸಬಿ ಎಣ್ಣಿ ಗಾಣ ನೆನಪಾತು. ಎಣ್ಣಿ ಯಾವುದಾದ್ರೂ ಹಿಂಡೋ ಕೆಲಸ ಒಂದ.

ಇಲ್ಲಿಂದ ಹೋದ ಎಸೆಕ್ಸ್ ಅನ್ನೋ ಹಡಗಿಗೆ 1820ರ ನವೆಂಬರದಾಗ ನಡು ಸಮುದ್ರದಾಗ ತಿಮಿಂಗಿಲನ ಬಂದು ಡಿಕ್ಕಿ ಹೊಡದು ಮುಳಗಿಸಿತ್ತು. 20 ಮಂದ್ಯಾಗ ಉಳದವ್ರು ಬರೇ 8. ಆ ಕತಿ ಕೇಳೇ ಮುಂದ ಮೋಬಿ ಡಿಕ್ ಕಾದಂಬರಿ ಹುಟ್ಟಿದ್ದು. ನಮ್ಮನಿಯವರು ಅದನ್ನೆಲ್ಲಾ ಓದಿ, ಕಾಲು ನೋವು ಅಂತ ಕೂತ್ರು. ನಾ ಮುಂದಿನ ಖೋಲಿಗೆ ಹೋದೆ. ಅಲ್ಲೆ ಗಾಜಿನ ಕಪಾಟಿನ್ಯಾಗ ಒಂದು ಸಾಮಾನು ಕಂಡು ನಾ ನಿಂತ ಬಿಟ್ಟೆ.

ಕರಚಿಕಾಯಿ ಗಾಲಿ!

ಖರೇನ. ನಮ್ಮ ನಾಗರಪಂಚಮಿಗೆ ಕರಚಿಕಾಯಿ ಅಂಚು ಕತ್ತರಸೋ ಹಲ್ಲಿನ ಗಾಲಿ ಇರ್ತದಲ್ಲಾ, ಹಿತ್ತಾಳಿದು, ಅಂಥಾದ್ದ. ಆದ್ರ ಇದು ತಿಮಿಂಗಿಲದ ಹಲ್ಲು-ಎಲಬಿನಾಗ ಕೆತ್ತಿದ್ದು, ಹಾಲಿನಂಥಾ ಬಿಳುಪು. ಒಂದಲ್ಲ, ಸಾಲಾಗಿ ಇಟ್ಟಾರ. ಅವರು ಪೈ ಅಂತ ಮಾಡ್ತಾರಲ್ಲಾ, ಹಣ್ಣು ತುಂಬಿದ ದೊಡ್ಡ ಕಡಬು, ಅದರ ಅಂಚು ಒತ್ತಲಿಕ್ಕೆ. ಹಡಗಿನ್ಯಾಗ ಹೋದ ಗಂಡಸರು ತಿಂಗಳಗಟ್ಟಲೆ ತಿಮಿಂಗಿಲ ಕಾಣದ ಖಾಲಿ ಕೂತಾಗ ಮನ್ಯಾಗಿನ ಹೆಂಡತಿ ಸಲುವಾಗಿ, ಮದಿವಿ ಆಗಬೇಕಾದ ಹುಡುಗಿ ಸಲುವಾಗಿ ಕೂತು ಕೆತ್ತಿದ್ದು. ಬಾಜೂಕ ನೂಲು ಸುತ್ತೋ ರಾಟಿ, ಅರಬಿ ಒಣ ಹಾಕೋ ಕ್ಲಿಪ್ಪು, ಲಟ್ಟಣಿಗಿ, ಎಲ್ಲಾ ತಿಮಿಂಗಿಲದ ಎಲಬಿಂದು. ನಾ ಗಾಜಿಗೆ ಮೂಗು ಹಚ್ಚಿ ನೋಡಿದೆ. ಕೆಲವು ಗಾಲಿ ನುಣ್ಣಗ ಹೊಸಾವ ಇದ್ದಂಗ ಅವ, ಬಳಸಿದಂಗ ಕಾಣಸಂಗಿಲ್ಲ. ಹಬ್ಬಕ್ಕ ಅಂತ ಎತ್ತಿ ಇಟ್ಟಿರಬೇಕು ಪಾಪ, ಇಲ್ಲಾ ಪೈ ತಿನ್ನಾವ ಮನ್ಯಾಗ ಇರಲಿಲ್ಲ.

ಒಂದು ಹಡಗ ಹೋತು ಅಂದ್ರ ಮೂರು-ನಾಲ್ಕು ವರ್ಷ ತಿರುಗಿ ಬರ್ತಿರಲಿಲ್ಲ. ದಕ್ಷಿಣ ಅಮೇರಿಕಾದ ತುದಿ ಸುತ್ತಿ ಶಾಂತ ಮಹಾಸಾಗರಕ್ಕ ಹೋಗಬೇಕು. ಗಲಪಾಗೋಸ್ ಅನ್ನೋ ದ್ವೀಪದಾಗ ಒಂದು ಕಟ್ಟಗಿ ಪಿಪಾಯಿ ಇಟ್ಟಿದ್ರಂತ, ಅದ ಅಂಚೆ ಪೆಟ್ಟಿಗಿ. ಹೋಗೋ ಹಡಗಿನವರು ಅದರಾಗ ಪತ್ರ ಹಾಕೋದು, ಊರಿಗೆ ತಿರುಗಿ ಬರೋ ಹಡಗಿನವರು ಅದನ್ನ ತೊಗೊಂಡು ಬರೋದು. ಹುಟ್ಟಿದ ಕೂಸಿನ ಸುದ್ದಿ ಅಪ್ಪಗ ಮುಟ್ಟೋದ್ರಾಗ ಕೂಸು ನಡೀಲಿಕ್ಕೆ ಸುರು ಮಾಡಿರಬೇಕು.

ಹಂಗಾರ ಇಲ್ಲೆ ಊರು ಯಾರು ನಡಸಿದ್ರು? ಹೆಣಮಕ್ಕಳು. ಸೆಂಟರ್ ಸ್ಟ್ರೀಟ್ ಅಂತ ಒಂದು ಓಣಿ ಅದ, ಅಲ್ಲಿ ಅಂಗಡಿ ಎಲ್ಲಾ ಹೆಣಮಕ್ಕಳೇ ನಡಸ್ತಿದ್ರು ಅಂತ ಅದಕ್ಕ 'ಪೆಟಿಕೋಟ್ ರೋ' ಅಂತನ ಹೆಸರು. ನಮ್ಮ ಭಾಷಾದಾಗ ಹೇಳಬೇಕಂದ್ರ ಲಂಗದ ಓಣಿ. ಮುಂದ ಹೆಂಗಸರ ಹಕ್ಕಿನ ಸಲುವಾಗಿ ಹೋರಾಡಿದ ಲುಕ್ರೀಷಿಯಾ ಮಾಟ್ 1793ರಾಗ ಹುಟ್ಟಿದ್ದು ಇದ ದ್ವೀಪದಾಗ. ಆಕಿ ಅಪ್ಪ ಹಡಗಿನ ಕಪ್ತಾನ, ಅವ ಸಮುದ್ರದಾಗ ಇದ್ದಾಗ ಅವ್ವ ಅಂಗಡಿ ನಡಸ್ತಿದ್ಲು. ಅದಕ್ಕೂ ಹಿಂದ ಮೇರಿ ಸ್ಟಾರ್‌ಬಕ್ ಅಂತ ಒಬ್ಬಾಕಿ ಇದ್ಲು. ಮೂಲ ನಿವಾಸಿಗಳಾದ ವಾಂಪನೋಗ್ ಜನರ ಜೋಡಿ ವ್ಯಾಪಾರ ಮಾಡಿದಾಕಿ. ಆ ಮನಿತನದ ಲೆಕ್ಕದ ವಹಿ ಈ ಊರಿನ ಇತಿಹಾಸ ಸಂಸ್ಥೆಯವರು ಇನ್ನೂ ಜ್ವಾಕಿ ಮಾಡ್ಯಾರ. ಮಗಳು ಫೋನಿನ್ಯಾಗ ನೋಡಿ ಓದಿ ಹೇಳಿದ್ಲು. ಆ ವಹಿಯೊಳಗ ಬರೇ ಜಾಣತನ ಇಲ್ಲ. ಅಂಗಡಿ ಸಾಲದಾಗ ಬಿದ್ದ ವಾಂಪನೋಗ್ ಗಂಡಸರು ಸಾಲ ತೀರಸಲಿಕ್ಕೆ ಬೇಟೆ ದೋಣಿಗೆ ದುಡೀಲಿಕ್ಕೆ ಹೋಗಬೇಕಾಗ್ತಿತ್ತು. 1763-64ರಾಗ ಒಂದು ಬ್ಯಾನಿ ಬಂದು ದ್ವೀಪದಾಗ ಉಳದಿದ್ದ 358 ವಾಂಪನೋಗ್ ಮಂದ್ಯಾಗ 222 ಮಂದಿ ಹೋದ್ರು. ಇದನ್ನೆಲ್ಲಾ ತಿಳಕೊಳ್ಳಲಿಕ್ಕಾದ್ರೂ ವಹಿ ಉಳದಿರಬೇಕಲ್ಲಾ, ಅದಕ್ಕ ಹೇಳಿದೆ.

ನನ್ನ ಬಾಯಿಂದ ಆವಾಗ ತಾನ ಬಂತು: "ನನ್ನ ವಹಿ ರದ್ದಿಗೆ ಹೋದ್ವು."

ಮಗಳು "ಏನಮ್ಮಾ?" ಅಂದ್ಲು. ಹಿಂದ ಬೆಂಚಿನ ಮ್ಯಾಲೆ ಕೂತವರು ತಲಿ ಎತ್ತಿ ನೋಡಿದ್ರು.

ನಿಮಗ ಸ್ವಲ್ಪ ಹಿಂದಿಂದು ಹೇಳಬೇಕು. ನಮ್ಮನಿಯವರು 1994ರಿಂದ 2005ರ ತನಕಾ ಮಸ್ಕತ್ತಿನ್ಯಾಗ ಇದ್ರು, ಕಟ್ಟಡದ ಒಂದು ಕಂಪನ್ಯಾಗ. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನ ರಜಾ. ಮಗಳಿಗೆ ಆವಾಗ ಎರಡು ವರ್ಷ, ಮಗ ಹೊಟ್ಟ್ಯಾಗ. ಪತ್ರ ಬರಲಿಕ್ಕೆ ಹದಿನೈದು ದಿನ. ಎದುರಮನಿ ಫೋನಿಗೆ ಶುಕ್ರವಾರ ಮೂರು ನಿಮಿಷ ಮಾತು, ಅದರಾಗ ಒಂದು ನಿಮಿಷ ಅತ್ತಿಯವರಿಗೆ, ಅರ್ಧ ನಿಮಿಷ ಮಗಳ ಅಳು. ನಾ ಓದಿದ್ದು ಪಿಯುಸಿ ಕಾಮರ್ಸ್, ಮುಂದ ಕಲೀತೀನಿ ಅಂದಾಗ ಮದಿವಿ ಮಾಡಿದ್ರು. ಆದ್ರ ಜಮಾ-ಖರ್ಚು ಬರೀಲಿಕ್ಕೆ ಬರ್ತಿತ್ತು. ಬ್ಯಾಂಕ್ ಡ್ರಾಫ್ಟ್ ಬಂದ ದಿನದಿಂದ ಒಂದೊಂದು ಪೈ ಲೆಕ್ಕ ಬರದೆ. ಮಾವನವರ ಸಕ್ಕರಿ ರೋಗದ ಔಷಧ, ಹೊಲದ ವಾಟ್ನಿ ತಕರಾರು, ನಾದಿನಿ ಬಾಣಂತನ, ಮಗನ ಟಾಯ್ಫಾಯ್ಡು. 1999ರಾಗ ಮ್ಯಾಲಿನ ಮಜಲಾ ಕಟ್ಟಿಸಿದ್ದೂ ನಾನ. ಗೌಂಡಿಗಳ ಜೋಡಿ ಜಗಳಾಡಿ, ಸ್ಲ್ಯಾಬ್ ಹಾಕಿದ ಮ್ಯಾಲೆ ಇಪ್ಪತ್ತೊಂದು ದಿನ ಮುಂಜಾನೆ-ಸಂಜಿ ಕೊಡಾ ಹೊತ್ತು ನೀರು ಬಿಟ್ಟಾಕಿ ನಾನು. ಹನ್ನೊಂದು ವರ್ಷಕ್ಕ ಹದಿನಾಲ್ಕು ವಹಿ ಆಗಿದ್ವು, ಎಲ್ಲಾ ಅಟ್ಟದ ಮ್ಯಾಲೆ ಟ್ರಂಕಿನ್ಯಾಗ ಇಟ್ಟಿದ್ದೆ.

ಅವರು ಖಾಯಂ ಆಗಿ ಬಂದ ಮ್ಯಾಲೆ "ಇಷ್ಟು ದಿನಾ ನೀ ಭಾಳ ಕಷ್ಟಾ ಪಟ್ಟಿ, ಇನ್ನ ಆರಾಮ ಕೂಡು" ಅಂತ ಕಪಾಟಿನ ಕೀಲಿಕೈ ತೊಗೊಂಡ್ರು. ಪ್ರೀತಿಲೇನ ತೊಗೊಂಡ್ರು, ಸುಳ್ಳು ಯಾಕ ಹೇಳ್ಲಿ. ಆದ್ರ ಮರುದಿನದಿಂದ ಕೊತಂಬರಿ ತರಲಿಕ್ಕೂ ನಾ ಕೇಳಿ ಇಸಗೋಬೇಕಾತು. ಬಂದವರೆಲ್ಲಾ "ಮಸ್ಕತ್ತಿಗೆ ಹೋಗಿ ಛಲೋ ಮನಿ ಕಟ್ಟಿಸಿದ್ರಿ ರಾಯರ" ಅಂದಾಗ ಅವರು ಹೂಂ ಅಂತಿದ್ರು, ನಾ ಚಹಾ ತರಲಿಕ್ಕೆ ಒಳಗ ಹೋಗ್ತಿದ್ದೆ. 2009ರಾಗ ಮನಿಗೆ ಬಣ್ಣ ಹಚ್ಚೋ ಮುಂದ ನಾ ತವರಮನ್ಯಾಗ ಇದ್ದೆ. ತಿರುಗಿ ಬರೋದ್ರಾಗ ಅಟ್ಟ ಸ್ವಚ್ಛ. "ಎಲ್ಲಾ ಹಳೇ ಕಸ ರದ್ದಿಗೆ ಹಾಕಿದೆ, ಎರಡನೂರಾ ಹತ್ತು ರೂಪಾಯಿ ಬಂತು" ಅಂತ ಖುಷೀಲೆ ಹೇಳಿದ್ರು. ನಾ ಒಂದ ಮಾತೂ ಆಡಲಿಲ್ಲ. ಏನಂತ ಆಡೋದು? ಪತ್ರ ಅಲ್ಲ, ಫೋಟೋ ಅಲ್ಲ. ಹಾಲಿನ ಲೆಕ್ಕ, ಸಿಮೆಂಟಿನ ಲೆಕ್ಕ. ಅದಕ್ಕ ಅಳಬೇಕು ಅಂದ್ರ ಮಂದಿ ನಗ್ತಾರ.

ಹದಿನೈದು ವರ್ಷ ಆಡಲಾರದ ಮಾತು ಅಷ್ಟು ದೂರದ ನಡುಗಡ್ಡ್ಯಾಗ, ಯಾರೋ ಹೆಂಗಸಿನ ಲೆಕ್ಕದ ಸುದ್ದಿ ಕೇಳಿ ಹೊರಗ ಬಿತ್ತು ನೋಡ್ರಿ. ಮಗಳ ಮುಂದ ಎಲ್ಲಾ ಹೇಳಿಬಿಟ್ಟೆ. ಸಿಟ್ಟೀಲೆ ಅಲ್ಲ, ಎರಡನೂರಾ ಹತ್ತು ರೂಪಾಯಿ ಅನ್ನೋ ಮುಂದ ಮಾತ್ರ ದನಿ ಒಡೀತು. ಅವರು ಏನೂ ಅನ್ನಲಿಲ್ಲ. ಎದ್ದು ಹೋಗಿ ಆ ಗಾಲಿ ಇಟ್ಟ ಕಪಾಟಿನ ಮುಂದ ಭಾಳ ಹೊತ್ತು ನಿಂತ್ರು. ರಾತ್ರಿ ಥಾಲಿಪಟ್ಟು ತಿನ್ನೋ ಮುಂದನೂ ಮಾತಿಲ್ಲ. ನಾ ಯಾಕರ ಅಂದೆನೋ, ಮಗಳ ರಜಾ ಹಾಳ ಮಾಡಿದೆ ಅಂತ ನನಗ ನಿದ್ದಿ ಬರಲಿಲ್ಲ.

ಮರುದಿನ ಮರಾಯಾ ಮಿಚೆಲ್ ಅನ್ನಾಕಿ ಹುಟ್ಟಿದ ಮನಿಗೆ ಹೋದ್ವಿ. 1790ರ ಮನಿ, ಸಾದಾ ಕಟ್ಟಗಿದು. ಮರಾಯಾ ಹುಟ್ಟಿದ್ದು 1818ರಾಗ. ಅಪ್ಪಗ ನಕ್ಷತ್ರ ನೋಡೋ ಹುಚ್ಚು, ಮಗಳಿಗೂ ಕಲಿಸಿದಾ. ಹದಿನೆಂಟನೇ ವಯಸ್ಸಿನಿಂದ ಇಪ್ಪತ್ತು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡಾಕಿ. ಕಾಲೇಜು ಮೆಟ್ಟಲಾ ಹತ್ತಿರಲಿಲ್ಲ. ಅಪ್ಪ ಕೆಲಸ ಮಾಡ್ತಿದ್ದ ಬ್ಯಾಂಕಿನ ಮಾಳಗಿ ಮ್ಯಾಲೆ ದೂರ್ಬೀನ್ ಇಟ್ಟು, 1847ರ ಅಕ್ಟೋಬರ್ 1ರ ರಾತ್ರಿ ಬರೇ ಕಣ್ಣಿಗೆ ಕಾಣಲಾರದ ಒಂದು ಧೂಮಕೇತು ಹಿಡದಳು. ಡೆನ್ಮಾರ್ಕಿನ ರಾಜಾ ಬಂಗಾರದ ಪದಕ ಕೊಟ್ಟಾ. 1865ರಾಗ ವ್ಯಾಸರ್ ಕಾಲೇಜ್ ಸುರು ಆದಾಗ ಕಾಲೇಜ್ ಓದದ ಈ ಹೆಣಮಗಳು ಅಲ್ಲೆ ಖಗೋಳ ಶಾಸ್ತ್ರದ ಪ್ರೊಫೆಸರ್ ಆದ್ಲು. "ಇದನ್ನ ಓದಿದ್ರೇನು ನೀವು?" ಅಂತ ನಾನ ಮಾತು ಸುರು ಮಾಡಿದೆ. "ಇಲ್ಲ, ನೀ ಹೇಳು" ಅಂದ್ರು. ಮೂವತ್ತನಾಲ್ಕು ವರ್ಷದಾಗ ಮ್ಯೂಸಿಯಂ ಒಳಗ ಆ ಮಾತು ಅವರ ಬಾಯಿಂದ ನಾ ಕೇಳಿರಲಿಲ್ಲ. ನಿಂತು ಎಲ್ಲಾ ಹೇಳಿದೆ, ಸುಮ್ನ ಕೇಳಿದ್ರು.

ಹಳೇ ಮನಿಗಳ ಮಾಳಗಿ ಮ್ಯಾಲೆ ಸಣ್ಣ ಕಟಾಂಜನ ಹಾಕಿದ ಕಟ್ಟಿ ಇರ್ತಾವ. ಗಂಡನ ಹಡಗ ಬಂತೇನು ಅಂತ ಹೆಂಗಸರು ಅಲ್ಲಿ ನಿಂತು ಹಾದಿ ಕಾಯ್ತಿದ್ರು ಅಂತ ಮಂದಿ ಕತಿ ಹೇಳ್ತಾರ. ಖರೇ ಅಂದ್ರ ಹೊಗೆಗೂಡಿಗೆ ಬೆಂಕಿ ಹತ್ತಿದ್ರ ಮ್ಯಾಲಿಂದ ಉಸುಕು ಸುರೂಲಿಕ್ಕೆ ಅವನ್ನ ಕಟ್ಟಿದ್ದು. ಮಗಳಿಗೆ ಇದು ಕೇಳಿ ಬ್ಯಾಸರಾತು, ಹಾದಿ ಕಾಯೋ ಕತೀನ ಛಂದ ಇತ್ತು ಅಂದ್ಲು. ನನಗ ಉಸುಕಿನ ಕತೀನ ಖರೇ ಅನಸ್ತು. ಹಾದಿ ಕಾಯಲಿಕ್ಕೆ ಯಾರಿಗೆ ಪುರಸತ್ತಿರ್ತದವಾ, ಮನಿಗೆ ಬೆಂಕಿ ಬೀಳಲಾರದಂಗ ನೋಡಿಕೊಳ್ಳೋದ್ರಾಗ ದಿನಾ ಹೋಗ್ತದ.

ತಿರುಗಿ ಬರೋ ಹಡಗ ಬ್ರ್ಯಾಂಟ್ ಪಾಯಿಂಟ್ ದೀಪದ ಹತ್ತರ ತಿರುಗೋ ಮುಂದ ಮಂದಿ ನೀರಿಗೆ ಪೆನ್ನಿ ಒಗದ್ರು. ಒಗದ್ರ ಮತ್ತ ಈ ದ್ವೀಪಕ್ಕ ಬರ್ತೀವಿ ಅನ್ನೋ ನಂಬಿಕಿ ಅಂತ. ನಾವೂ ತುಂಗಭದ್ರಾ ಸೇತುವಿ ಮ್ಯಾಲೆ ರೈಲಿನ ಖಿಡಕ್ಯಾಗಿಂದ ಒಗೀತೀವಲ್ಲಾ. ನಾ ಒಂದು ಒಗದೆ. ಬಾಜೂಕ ಅವರು ಬಂದು ನಿಂತ್ರು. ಸ್ವಲ್ಪ ಹೊತ್ತಾದ ಮ್ಯಾಲೆ ನೀರು ನೋಡಿಕೋತನ ಕೇಳಿದ್ರು:

"ಮ್ಯಾಲಿನ ಸ್ಲ್ಯಾಬಿಗೆ ಎಷ್ಟು ಚೀಲ ಸಿಮೆಂಟ್ ಹಿಡದಿತ್ತು?"

"ಎಂಬತ್ತಾರು. ಅದರಾಗ ಮೂರು ಮಳಿಗೆ ಗಟ್ಟಿ ಆಗಿದ್ವು, ವಾಪಸ್ ಕೊಟ್ಟು ಬ್ಯಾರೆ ತಂದೆ."

"ನನಗ ಹೇಳಲೇ ಇಲ್ಲ."

"ನೀವು ಕೇಳಲೇ ಇಲ್ಲ. ಮೂರ ನಿಮಿಷದ ಫೋನಿನ್ಯಾಗ ಸಿಮೆಂಟಿಂದು ಎಲ್ಲಿ ಹೇಳ್ಲಿ?"

ಅದಕ್ಕ ಸ್ವಲ್ಪ ನಕ್ಕರು. ಆಮ್ಯಾಲೆ ಕೈಚೀಲದಾಗಿಂದ ಒಂದು ವಹಿ ತಗದು ಕೊಟ್ರು, ರಟ್ಟಿನ ಮ್ಯಾಲೆ ತಿಮಿಂಗಿಲದ ಚಿತ್ರ ಇದ್ದದ್ದು. ಹಿಂದಿನ ದಿನಾ ಮ್ಯೂಸಿಯಂ ಅಂಗಡ್ಯಾಗ ನಮಗ ಗೊತ್ತಾಗಲಾರದಂಗ ತೊಗೊಂಡಿದ್ರು. "ಹೋದದ್ದು ತಿರುಗಿ ತರಲಿಕ್ಕೆ ಆಗಂಗಿಲ್ಲ. ನೆನಪಿದ್ದಷ್ಟು ಬರಿ" ಅಂದ್ರು. ತಪ್ಪಾತು ಅಂತ ಅನ್ನಲಿಲ್ಲ. ಆ ಪೀಳಿಗಿ ಗಂಡಸರಿಗೆ ಆ ಶಬ್ದ ಬರಂಗಿಲ್ಲ, ನನಗೂ ಅದು ಬೇಕಾಗಿರಲಿಲ್ಲ. ವಹಿ ಬೆಲಿ ಎಷ್ಟು ಅಂತ ಹಿಂದ ತಿರುಗಿಸಿ ನೋಡಿದೆ. ಎರಡನೂರಾ ಹತ್ತು ರೂಪಾಯಿಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು, ಅಷ್ಟ ಹೇಳ್ತೀನಿ.

ಹುಬ್ಬಳ್ಳಿಗೆ ಬಂದ ಮ್ಯಾಲೆ ದಿನಾ ಮಧ್ಯಾಹ್ನ ಊಟಾದ ಮ್ಯಾಲೆ ಕೂತು ಬರೀತೀನಿ. ಅವರು ಎದುರ ಕೂತು "ಆ ವರ್ಷ ಗೋಧಿ ಎಷ್ಟಿತ್ತು, ಆವಾಗ ಅಪ್ಪಗ ಯಾವ ಡಾಕ್ಟರ್ ನೋಡಿದ್ರು" ಅಂತ ಕೇಳ್ತಾರ. ಒಮ್ಮೊಮ್ಮೆ ನಾ ಹೇಳಿದ್ದು ಕೇಳಿ ಚಶ್ಮಾ ತಗದು ಒರಸ್ಕೋತಾರ. ಕಪಾಟಿನ ಕೀಲಿಕೈ ಈಗ ದೇವರ ಮನಿ ಮೊಳಿಗೆ ಇರ್ತದ, ಇಬ್ಬರೂ ತೊಗೋತೀವಿ. ಪಂಚಮಿಗೆ ಕರಚಿಕಾಯಿ ಮಾಡೋ ಮುಂದ ನಮ್ಮ ಅತ್ತಿಯವರ ಹಿತ್ತಾಳಿ ಗಾಲಿ ತಗದು ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ಅದರ ಹಿಡಿಕಿ ಮ್ಯಾಲೆ ಸಣ್ಣ ಅಕ್ಷರದಾಗ ಏನೋ ಕೆತ್ಯಾರ, ಇಷ್ಟು ವರ್ಷ ಎಣ್ಣಿ ಜಿಡ್ಡಿನ್ಯಾಗ ಕಂಡಿರಲಿಲ್ಲ. ನೋಡಿದ್ರ ಅತ್ತಿಯವರ ತವರಮನಿ ಹೆಸರು. ಅದನ್ನೂ ವಹಿಯೊಳಗ ಬರದೆ.

ದೀಪಾವಳಿಗೆ ನಿಮ್ಮ ಮನಿ ಅಟ್ಟ ಸ್ವಚ್ಛ ಮಾಡ್ತೀರಲ್ಲಾ, ರದ್ದಿಯವಗ ಕೊಡೋಕ್ಕಿಂತ ಮೊದಲ ಒಂದ್ಸಲ ಮನ್ಯಾಗಿನ ಹೆಣಮಕ್ಕಳನ್ನ ಕೇಳ್ರಿ. ಹಾಲಿನ ಲೆಕ್ಕ ಇದ್ರೂ ಕೇಳ್ರಿ.